ಹತ್ತನೆಯ ಗೂಟ

"ಇಂಥ ಪುಸ್ತಕಗಳನ್ನ ನಾನು ಎಲ್ಲೂ ನೋಡಿಲ್ಲ," ಎಂದಳು ಇಂಗ್ವಿಲ್, ಮೂವತ್ತೊಂದನೆಯದನ್ನು ಮುಚ್ಚಿ ಉಳಿದವುಗಳ ಮೇಲಿಡುತ್ತಾ. "ಒಂದು ದಿನಾನೂ ಬಿಟ್ಟಿಲ್ವಲ್ಲ ನೀವು! ಕ್ರಿಸ್‌ಮಸ್ ದಿನಾನೂ ಬರ್ದಿದೀರಿ."

"ಕ್ರಿಸ್‌ಮಸ್ ಅಂತ ನೀರು ನಿಲ್ಲಲ್ವಲ್ಲ," ಎಂದ ಆಸ್ಲಾಕ್.

ಈ ಮಾತನ್ನು ಅವನು ಸರ್ಕಾರದ ನೀರಿನ ಆಫೀಸಿನಿಂದ ಬಂದವರಿಗೆಲ್ಲ ಹೇಳುತ್ತಿದ್ದ, ಹೇಳಿ ಜೋರಾಗಿ ನಗುತ್ತಿದ್ದ. ಇವತ್ತು ನಗು ಬರಲಿಲ್ಲ. ಎದುರಿಗೆ ಕೂತ ಎಂಜಿನಿಯರ್ ಹೆಣ್ಣುಮಗಳು ಓಸ್ಲೋದಿಂದ ಬೆಳಿಗ್ಗೆ ಹೊರಟು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಅವಳ ಮುಂದೆ ಕಾಫಿ ಇತ್ತು, ದೋಸೆಕಾವಲಿಯಂಥ ಹಂಚಿನಲ್ಲಿ ಅವನೇ ಹೊಯ್ದ ಬಿಸಿ ವಾಫಲ್ ಇತ್ತು, ಅದರ ಮೇಲೆ ತೆಳ್ಳಗೆ ಹೆರೆದ ಕಂದು ಚೀಸ್ ಇತ್ತು. ಅವಳು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಮತ್ತೆ ಪುಸ್ತಕಕ್ಕೇ ಕೈ ಹಾಕಿದಳು. ಚಳಿಗೆ ಇಂಕು ಗಟ್ಟಿಯಾಗುತ್ತದೆ ಎಂದು ಆಸ್ಲಾಕ್ ಬರೆಯುತ್ತಿದ್ದದ್ದೆಲ್ಲ ಪೆನ್ಸಿಲಿನಲ್ಲೇ. ಆದರೆ ಅವನ ಅಂಕಿಗಳಲ್ಲಿ ಅಳಿಸಿ ತಿದ್ದಿದ್ದು ಎಲ್ಲೂ ಇರಲಿಲ್ಲ.

ನಮ್ಮೂರಿನ ಮೇಲಿರುವ ಆ ಬಂಡೆಗಾಡು ದೊಡ್ಡದೇನಲ್ಲ. ಬೇಸಿಗೆಯಲ್ಲಿ ಆರೋಗ್ಯವಂತರು ಒಂದೂವರೆ ಗಂಟೆಯಲ್ಲಿ ಸುತ್ತಿ ಬರಬಹುದು. ಅಡಿಯೆಲ್ಲ ಗ್ರಾನೈಟು, ಮೇಲೆ ಗೇಣು ಮಣ್ಣು, ಆ ಮಣ್ಣಿಗೆ ಉಗುರು ಕಚ್ಚಿ ನಿಂತ ಪೈನ್ ಮರಗಳು. ಬಂಡೆಗಳ ನಡುವೆ ಒಂದರ ಕೆಳಗೊಂದು ಹೊಂಡಗಳಿವೆ. ಮಳೆ ಬಿದ್ದರೂ ಹಿಮ ಕರಗಿದರೂ ಮೊದಲು ಮೇಲಿನ ಹೊಂಡ ತುಂಬಬೇಕು, ಅದು ತುಳುಕಿ ಅದರ ಕೆಳಗಿನದು ತುಂಬಬೇಕು. ಅಲ್ಲಿಯವರೆಗೆ ಕೆಳಗಿನ ತೊರೆಗೆ ಬರುವುದು ಬೊಗಸೆ ನೀರು. ಕೊನೆಯ ಹೊಂಡ ತುಂಬಿತೋ, ಆಮೇಲೆ ಬಿದ್ದ ಹನಿಯೆಲ್ಲ ನೇರ ಊರಿಗೇ ಬರುತ್ತದೆ. ಬಂಡೆ ಏನನ್ನೂ ಇಟ್ಟುಕೊಳ್ಳುವುದಿಲ್ಲ.

ತೊರೆ ಕಾಡಿನಿಂದ ಹೊರಬೀಳುವಲ್ಲಿ ಒಂದು ಸಣ್ಣ ಕಟ್ಟೆ. ಅದರ ನಡುವಿನ ಹಲಗೆಯಲ್ಲಿ ಮೂರು ಮೂಲೆಯ ಕಚ್ಚು. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಎಂದು ದಿನಾ ನೋಡಿ ಬರೆಯುವುದು, ಚಳಿಗಾಲದಲ್ಲಿ ತಿಂಗಳಿಗೆ ಎರಡು ಸಲ ಕಾಡಿನೊಳಗಿನ ಹತ್ತು ಗೂಟಗಳ ಹತ್ತಿರ ಹೋಗಿ ಹಿಮ ಅಳೆಯುವುದು, ಇಷ್ಟೇ ಆಸ್ಲಾಕನ ಕೆಲಸ. ಸರ್ಕಾರಕ್ಕೆ ಇದು ಸಂಶೋಧನೆ. ನಮಗೆ ಅದು ಬೇರೆಯೇ ಆಗಿತ್ತು. ಎಪ್ರಿಲ್ ಬಂದರೆ ಸಾಕು, ಮರ ಸಾಗಿಸುವವರು, ಕುರಿ ಬಿಡುವವರು, ಬೇಸಿಗೆಮನೆ ತೆರೆಯುವವರು ಎಲ್ಲರೂ ಅವನನ್ನೇ ಕೇಳುತ್ತಿದ್ದೆವು: "ಆಸ್ಲಾಕ್, ಈ ಸಲ ನೀರು ಹೆಂಗೆ?" ಅವನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ರೂಢಿ ನಮ್ಮಲ್ಲಿ ಇರಲಿಲ್ಲ. ಈ ವರ್ಷ ಅವನು, "ಭಯ ಇಲ್ಲ, ಮೇಲೆ ಹಿಮ ಕಮ್ಮಿ," ಎಂದಿದ್ದ.

ಎಪ್ರಿಲ್ ಹನ್ನೊಂದರಂದು, ಎರಡು ದಿನದ ಬಿಸಿಗಾಳಿ ಮಳೆಯ ನಂತರ, ಬೆಳಿಗ್ಗೆ ಏಳಕ್ಕೆ ಕಾಡುರಸ್ತೆಯ ಅಡಿ ತೊರೆ ಹಾಯುವ ಮೋರಿ ಕಿತ್ತುಹೋಯಿತು. ಅದರ ಮೇಲೆ ಆಗ ಸ್ವೈನುಂಗ್ ತನ್ನ ಟ್ರ್ಯಾಕ್ಟರಿನಲ್ಲಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಹೆಣ ಸಿಕ್ಕಿದ್ದು ಮುನ್ನೂರು ಮೀಟರ್ ಕೆಳಗೆ, ಪೈನ್ ಬೇರುಗಳ ಸಂದಿಯಲ್ಲಿ. ಸ್ವೈನುಂಗನ ಹೆಂಡತಿ ತೂರ್ಡಿಸ್, ಆಸ್ಲಾಕನ ಅಕ್ಕನ ಮಗಳು. ಊರಿನ ರಸ್ತೆಗಳ ಉಸ್ತುವಾರಿಯೂ ಅವಳದೇ.

"ಎಪ್ರಿಲ್ ಒಂದನೇ ತಾರೀಕು," ಇಂಗ್ವಿಲ್ ಬೆರಳಿಟ್ಟು ಓದಿದಳು. "ಎಂಟನೇ ಗೂಟ ಎಪ್ಪತ್ತು ಸೆಂಟಿಮೀಟರ್. ಒಂಬತ್ತನೇದು ತೊಂಬತ್ತು. ಹತ್ತನೇದು ಐವತ್ತೈದು. ಹತ್ತನೇದು ಎಲ್ಲಿದೆ?"

"ಮೇಲಿನ ಹೊಂಡದ ಬಾಯಲ್ಲಿ."

"ಅದೇ ನೋಡಿ. ಅಲ್ಲಿ ಐವತ್ತೈದು ಅಂದ್ರೆ ಹೊಂಡದ ಬಾಯಿ ತೆರೆದೇ ಇತ್ತು. ಮಳೆನೀರು ಬಂದಂಗೆ ಹರ್ಕೊಂಡು ಹೋಗಿರತ್ತೆ, ಎಲ್ಲೂ ನಿಂತಿರಲ್ಲ. ಇಷ್ಟು ಮಳೆಗೆ, ಇಷ್ಟು ಹಿಮಕ್ಕೆ ಬರೋ ನೀರನ್ನ ಆ ಮೋರಿ ಸಲೀಸಾಗಿ ನುಂಗ್ತಿತ್ತು." ಅವಳು ಪೆನ್ನಿನ ಮುಚ್ಚಳ ಹಾಕಿದಳು. "ನಿಮ್ಮ ಕಟ್ಟೆ ಹಲಗೆ ಕಿತ್ತುಹೋಗದಿದ್ರೆ ಹರಿದ ನೀರಿನ ಲೆಕ್ಕಾನೇ ಸಿಗ್ತಿತ್ತು. ಈಗ ಉಳಿದಿರೋದು ಈ ಪುಸ್ತಕ ಒಂದೇ. ಪುಸ್ತಕ ನೋಡಿದ್ರೆ ಇನ್ನೊಂದು ದಾರಿ ಇಲ್ಲ. ಮೋರಿ ಒಳಗೆ ಮಂಜುಗಡ್ಡೆ ಕಟ್ಟಿತ್ತು. ನೀರು ರಸ್ತೆ ಹಿಂದೆ ನಿಂತೂ ನಿಂತೂ, ರಸ್ತೆನೇ ಎತ್ಕೊಂಡು ಹೋಯ್ತು."

"ತೂರ್ಡಿಸ್ ಹಬೆ ಹಾಕಿ ಗಡ್ಡೆ ಕರಗ್ಸಿ ಮೋರಿ ಬಿಚ್ಚಿದೀನಿ ಅಂತಾಳೆ."

"ಹೌದು, ಹೇಳ್ತಾರೆ. ಐದು ವಾರದಲ್ಲಿ ನಲವತ್ತು ಮೋರಿ, ಒಬ್ಬರೇ. ಒಂದು ಬಿಟ್ಟುಹೋಗಿರಬಹುದು. ನಾನೇನು ಅವರನ್ನ ಬಯ್ಯೋಕೆ ಬಂದಿಲ್ಲ. ಜೈಲು ಗೀಲು ಏನೂ ಆಗಲ್ಲ, ಹೆದರಬೇಡಿ. ವರದಿಲಿ ಒಂದು ಸಾಲು ಬರ್ಕೋಬೇಕು, ಅವರು ಒಪ್ಪಿದ್ರೆ ಮುಗೀತು."

ಆಸ್ಲಾಕ್ ಬಾಯಿ ತೆರೆದ. ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂದಿತ್ತು. "ಇನ್ನೊಂಚೂರು ಕಾಫಿ ಹಾಕ್ಲಾ?" ಎಂದು ಕೇಳಿದ.

ಅವಳು ಹೋದ ಮೇಲೆ ಅವನು ಅಲ್ಲೇ ಕೂತಿದ್ದ. ಮೇಜಿನ ಮೇಲಿದ್ದ ಪುಸ್ತಕಗಳನ್ನು ಅವಳು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿದ್ದಳು. ಈ ವರ್ಷದ್ದೊಂದು ಮಾತ್ರ ಫೋಟೋ ತೆಗೆದುಕೊಂಡು ಬಿಟ್ಟಿದ್ದಳು, ಇನ್ನೂ ಬರೆಯುವುದಿದೆಯಲ್ಲ ಎಂದು.

ವಿಷಯ ಇಷ್ಟೇ. ಎಂಟನೆಯ ಗೂಟದವರೆಗೆ ದಾರಿ ಸುಲಭ. ಅಲ್ಲಿಂದ ಮುಂದೆ ಮೂರಾಳೆತ್ತರದ ಬಂಡೆ ಹತ್ತಬೇಕು. ನಾಲ್ಕು ಚಳಿಗಾಲಗಳ ಹಿಂದೆ ಅವನ ಎಡಮೊಣಕಾಲು ಮಡಚುವುದನ್ನೇ ಬಿಟ್ಟಿತು. ಮೊದಲ ಸಲ ಹತ್ತಲಾಗದೆ ನಿಂತಾಗ ಅವನು ಹಳೆಯ ಪುಸ್ತಕಗಳನ್ನು ತೆಗೆದು ಕೂತ. ಇಪ್ಪತ್ತೇಳು ವರ್ಷದ ಅಂಕಿಗಳು ಒಂದೇ ಮಾತು ಹೇಳಿದವು: ಒಂಬತ್ತನೆಯ ಗೂಟದಲ್ಲಿ ಎಂಟನೆಯದಕ್ಕಿಂತ ಒಂದು ಗೇಣು ಹೆಚ್ಚು, ಹತ್ತನೆಯದರಲ್ಲಿ ಎಂಟನೆಯದಕ್ಕಿಂತ ಮುಕ್ಕಾಲು ಗೇಣು ಕಮ್ಮಿ, ಏಕೆಂದರೆ ಪಡುವಣ ಗಾಳಿ ಹೊಂಡದ ಬಾಯನ್ನು ಗುಡಿಸಿ ಹಾಕುತ್ತದೆ. ಅಂದಿನಿಂದ ಎಂಟನೆಯದನ್ನು ಅಳೆದು, ಅಲ್ಲೇ ಕಲ್ಲಿಗೆ ಬೆನ್ನು ಕೊಟ್ಟು ಕೂತು, ಒಂಬತ್ತು ಹತ್ತನ್ನು ಬರೆದು ಇಳಿಯುತ್ತಿದ್ದ. ಇದನ್ನು ಸುಳ್ಳು ಎಂದು ಅವನು ಅಂದುಕೊಂಡಿರಲಿಲ್ಲ. ತನ್ನದೇ ಅಂಕಿಗಳನ್ನು ತಾನು ನಂಬಿದ್ದರಲ್ಲಿ ತಪ್ಪೇನು? ಕಾಲಿನ ಸಂಗತಿ ಹೇಳಿದರೆ ಮರುದಿನವೇ ಒಂದು ಯಂತ್ರ ತಂದು ನಿಲ್ಲಿಸುತ್ತಾರೆ ಎಂಬ ಹೆದರಿಕೆ ಬೇರೆ. ಮದುವೆಯಿಲ್ಲ, ಮಕ್ಕಳಿಲ್ಲ, ಊರಿನಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ಹತ್ತು ಗೂಟಗಳಿಂದಲೇ ಬಂದದ್ದು.

ಈ ಚಳಿಗಾಲ ಗಾಳಿ ಪಡುವಣದಿಂದ ಬೀಸಲಿಲ್ಲ. ಫೆಬ್ರವರಿಯಿಡೀ ಮೂಡಣದಿಂದ ಬೀಸಿತು. ಒಲೆಯ ಹೊಗೆ ಮನೆಯೊಳಕ್ಕೇ ಮಗುಚಿ ಬರುತ್ತಿತ್ತು, ಅವನು ಬೈದುಕೊಂಡು ಕಿಟಕಿ ತೆಗೆಯುತ್ತಿದ್ದ. ಆ ಗಾಳಿ ಗುಡ್ಡದ ಮೇಲಿನ ಹಿಮವನ್ನೆಲ್ಲ ಬಳಿದು ಎಲ್ಲಿ ಹಾಕುತ್ತಿದೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಹನ್ನೊಂದರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಮೇಲೆಲ್ಲೋ ಧಬ್ ಎಂದಿತು, ಅಡುಗೆಮನೆಯ ನೆಲ ನಡುಗಿತು. ಹೊರಗೋಡಿ ಬಂದು ನೋಡಿದರೆ ತೊರೆಯಲ್ಲಿ ಕೆಸರುನೀರಿನ ಜೊತೆ ಬಿಳಿ ಗಟ್ಟಿಗಳು ಉರುಳಿ ಬರುತ್ತಿದ್ದವು, ಒಂದೊಂದೂ ಒಲೆಯಷ್ಟು ದಪ್ಪ. ಅಂಥ ಗಟ್ಟಿಹಿಮ ಸಿಗುವುದು ಆಳದ ರಾಶಿಯಲ್ಲಿ ಮಾತ್ರ. ಹೊಂಡದ ಬಾಯಿಗೆ ಹಿಮದ ಅಣೆಕಟ್ಟೇ ಬಿದ್ದಿತ್ತು, ಎರಡು ದಿನದ ಮಳೆ ಅದರ ಹಿಂದೆ ನಿಂತಿತ್ತು, ಈಗ ಎಲ್ಲ ಒಟ್ಟಿಗೆ ಬಂತು. ಒಂದೇ ನೋಟಕ್ಕೆ ಅವನಿಗೆ ತಿಳಿದುಹೋಯಿತು. ಕೆಳಗೆ ರಸ್ತೆಯ ಮೇಲೆ ಯಾರಿದ್ದಾರೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಶವಪೆಟ್ಟಿಗೆಗೆ ಅವನೂ ಹೆಗಲು ಕೊಟ್ಟ. ಕೊಡುವಾಗ ಹೇಳಿಬಿಡುತ್ತೇನೆ ಅಂದುಕೊಂಡ, ಮಣ್ಣು ಹಾಕಿದ ಮೇಲೆ ಹೇಳುತ್ತೇನೆ ಅಂದುಕೊಂಡ, ಒಂದು ವಾರ ಹೋಗಲಿ ಅಂದುಕೊಂಡ. ಅಷ್ಟರಲ್ಲಿ ಊರು ತನ್ನ ತೀರ್ಮಾನ ಮಾಡಿಯಾಗಿತ್ತು. ಅಂಗಡಿಯ ಮಾರ್ಗಿಟ್ ಹಾಲಿನ ಡಬ್ಬ ಚೀಲಕ್ಕೆ ಹಾಕಿಕೊಡುತ್ತಾ ಅವನಿಗೇ ಹೇಳಿದ್ದಳು: "ನಲವತ್ತರಲ್ಲಿ ಮೂವತ್ತೊಂಬತ್ತು ಬಿಚ್ಚಿದ್ಲಂತೆ ಕಣಯ್ಯ. ಗಂಡ ಹೋಗೋದೊಂದು ಬಿಟ್ಟು." ಅವನು ಹಾಲು ತೆಗೆದುಕೊಂಡು ಬಂದ. ನಾವೂ ಆಗ ಅಲ್ಲೇ ನಿಂತಿದ್ದೆವು, ನಾವೂ ಏನೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವನು ತೂರ್ಡಿಸಳ ಮನೆಗೆ ಹೋದ. ಅವಳು ಅಂಗಳದಲ್ಲಿ ಹಬೆಯಂತ್ರದ ರಬ್ಬರ್ ಕೊಳವೆಯನ್ನು ಉದ್ದಕ್ಕೆ ಹರವಿ, ಬಟ್ಟೆಯಿಂದ ಒರೆಸುತ್ತಾ ಕೂತಿದ್ದಳು. ಆಗಲೇ ಒರೆಸಿ ಆಗಿದ್ದನ್ನು ಮತ್ತೆ ಒರೆಸುತ್ತಿದ್ದಳು. ನಲವತ್ತು ತುಂಬದ ಹೆಂಗಸು, ಒಂದು ತಿಂಗಳಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು.

"ಬಾ ಮಾಮ. ಒಳಗೆ ಕಾಫಿ ಇದೆ, ನೀನೇ ಹಾಕ್ಕೋ."

"ಆ ಎಂಜಿನಿಯರ್ ಬಂದಿದ್ಲಾ?"

"ಬಂದಿದ್ರು. ಸಹಿ ಹಾಕ್ದೆ."

ಅವನು ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟ. "ಯಾಕೆ ಹಾಕ್ದೆ? ಬಿಚ್ಚಿದ್ದೆ ಅಂತಿದ್ಯಲ್ಲೇ!"

"ಬಿಚ್ಚಿದ್ದೆ ಅಂತಾನೇ ನೆನಪು." ಅವಳು ಬಟ್ಟೆಯನ್ನು ಕೊಡವಿದಳು. "ಕೊಳವೆ ಒಳಗೆ ತಳ್ಳಿದ್ದು ನೆನಪಿದೆ. ಆ ಕಡೆಯಿಂದ ನೀರು ಬುಳುಕ್ ಅಂತ ಬಂದಿದ್ದು ನೆನಪಿದೆ. ಎಡಗೈ ಗವಸು ಒದ್ದೆಯಾಗಿ ಗಡಗಡ ನಡುಗ್ತಾ ಬಂದಿದ್ದು ನೆನಪಿದೆ. ಆದ್ರೆ ಅದು ಈ ವರ್ಷದ್ದೋ ಹೋದ ವರ್ಷದ್ದೋ? ಅವತ್ತು ಬೆಳಿಗ್ಗೆ ಅವನು ಬೂಟು ಹಾಕ್ಕೊಳ್ತಾ ಕೇಳ್ದ, ಮೋರಿ ಸರಿಯಿದೆಯೇನೇ ಅಂತ. ನಾನು ರೊಟ್ಟಿಗೆ ಬೆಣ್ಣೆ ಹಚ್ತಿದ್ದೆ, ತಿರುಗೂ ನೋಡ್ಲಿಲ್ಲ. ಸರಿಯಿದೆ ಹೋಗು ಅಂದೆ. ಹೋಗು ಅಂದೆ ಮಾಮ ನಾನು."

"ತೂರ್ಡಿಸ್, ಇಲ್ಕೇಳು..."

"ನಿನ್ನ ಪುಸ್ತಕ ತೋರಿಸಿದ್ರು ಅವರು. ನಿನ್ನ ಅಂಕಿ ಸುಳ್ಳು ಹೇಳಲ್ಲ. ನನ್ನ ತಲೆ ಹೇಳತ್ತೆ. ನಿದ್ದೆ ಇಲ್ದಿದ್ರೆ ತಲೆ ಏನು ಬೇಕಾದ್ರೂ ಹೇಳತ್ತೆ."

ಆಗ ಅವನು ಹೇಳಿದ. ಒಂದರ ಹಿಂದೊಂದು ಸರಿಯಾಗಿ ಜೋಡಿಸಲೂ ಆಗದೆ, ಮೊಣಕಾಲು, ಬಂಡೆ, ಗೇಣು, ಮೂಡಣಗಾಳಿ, ಬಿಳಿ ಗಟ್ಟಿಗಳು ಎಲ್ಲವನ್ನೂ ಹೇಳಿದ. "ನಿನ್ನ ಮೋರಿ ತೆರೆದೇ ಇತ್ತು ಕಣೇ. ಅಂಥ ನೀರಿಗೆ ಯಾವ ಮೋರಿಯೂ ತಡೀತಿರ್ಲಿಲ್ಲ. ನಾನು ಮೇಲೆ ಹೋಗಿದ್ರೆ ಅಲ್ಲಿ ರಾಶಿ ಬಿದ್ದಿರೋದು ಕಾಣ್ತಿತ್ತು. ಆ ರಸ್ತೆಗೆ ಯಾರೂ ಹೋಗ್ಬೇಡಿ ಅಂತ ಹೇಳ್ತಿದ್ದೆ."

ಅವಳು ಅವನನ್ನೇ ನೋಡುತ್ತಿದ್ದಳು. ಆಮೇಲೆ, ಗಂಡ ಸತ್ತ ಮೇಲೆ ಮೊದಲ ಸಲ, ನಕ್ಕಳು. ಆ ನಗುವಿಗಿಂತ ಅವಳು ಎರಡು ಏಟು ಬಿಟ್ಟಿದ್ದರೆ ಚೆನ್ನಾಗಿತ್ತು.

"ಪಾಪ ಮಾಮ ನೀನು. ಸುಳ್ಳು ಹೇಳೋಕೆ ಬರಲ್ಲ ನಿನಗೆ, ಯಾಕೆ ಒದ್ದಾಡ್ತೀಯ? ಐದು ವರ್ಷದವಳಿದ್ದಾಗ ನಾನು ಒಂದು ಅಂಕಿ ತಪ್ಪು ಓದಿದೆ ಅಂತ ನೀನು ನನ್ನನ್ನ ಮಳೇಲಿ ಮತ್ತೆ ಕಟ್ಟೆಗೆ ಕರ್ಕೊಂಡು ಹೋಗಿದ್ದೆ. ನೀನು ಬರ್ಕೋತೀಯಾ ಇಲ್ದೇ ಇರೋದನ್ನ?"

ಅವನು ಜೇಬಿನಿಂದ ಫೋನ್ ತೆಗೆದು ಇಂಗ್ವಿಲ್‌ಗೆ ಹಚ್ಚಿದ. ತೂರ್ಡಿಸ್‌ಗೂ ಕೇಳಲಿ ಎಂದು ದನಿ ಜೋರು ಮಾಡಿ ಕಲ್ಲಿನ ಮೇಲಿಟ್ಟ. ಮತ್ತೆ ಎಲ್ಲವನ್ನೂ ಹೇಳಿದ, ಈ ಸಲ ಸರಿಯಾಗಿ.

"ಆಸ್ಲಾಕ್ ಅವರೇ, ಅವರು ನಿಮ್ಮ ಅಕ್ಕನ ಮಗಳಲ್ವಾ?" ದನಿ ತುಂಬ ಮೃದುವಾಗಿತ್ತು. "ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ. ನಿನ್ನೆ ನಿಮ್ಮ ಮುಂದೆನೇ ಕೂತಿದ್ದೆ, ಆಗ ನೀವು ಏನೂ ಹೇಳ್ಲಿಲ್ಲ. ಅವರು ಸಹಿ ಹಾಕಿದ ಮೇಲೆ ಹೇಳ್ತಿದೀರಿ. ಆ ಅಂಕಿಗಳನ್ನ ನಾನು ನೋಡಿದೀನಿ. ಕಲ್ಪಿಸಿ ಬರೆದ ಅಂಕಿ ಅಷ್ಟು ಸರಿಯಾಗಿ ಹೊಂದಲ್ಲ. ಬೇರೆ ಏನಾದ್ರೂ ಆಧಾರ ಇದೆಯಾ ನಿಮ್ಮ ಹತ್ರ?"

ಆಧಾರ ಕರಗಿ, ಊರು ದಾಟಿ, ಸಮುದ್ರ ಸೇರಿ ಒಂದು ತಿಂಗಳಾಗಿತ್ತು. "ಇಲ್ಲ," ಎಂದ ಆಸ್ಲಾಕ್.

"ನಿಮ್ಮ ಜೀವಮಾನದ ಕೆಲಸ ಅದು. ಹಾಳು ಮಾಡ್ಕೋಬೇಡಿ," ಎಂದಳು ಅವಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ತೂರ್ಡಿಸ್ ಫೋನನ್ನು ಎತ್ತಿ ಅವನ ಜೇಬಿಗೆ ಹಾಕಿದಳು. ಅವನು ಕೋಲೂರಿ ಎದ್ದ. "ಬಾ ನನ್ ಜೊತೆ. ಮೇಲಕ್ಕೆ ಹೋಗೋಣ."

"ಏನು ಮಾಡೋಕೆ? ಅಲ್ಲೇನಿದೆ ಈಗ?"

"ಬಾ ಅಂದ್ನಲ್ಲ!"

ಅವನು ಹಾಗೆ ಗದರಿದ್ದನ್ನು ಅವಳು ಚಿಕ್ಕಂದಿನ ನಂತರ ಕೇಳಿರಲಿಲ್ಲ. ಬಟ್ಟೆಯನ್ನು ಯಂತ್ರದ ಮೇಲೆಸೆದು ಎದ್ದು ಬಂದಳು.

ಕಟ್ಟೆಯಲ್ಲಿ ಹಲಗೆಯಿರಲಿಲ್ಲ, ಸಿಮೆಂಟಿನ ಎರಡು ಗೋಡೆಗಳ ನಡುವೆ ನೀರು ಪಾದ ಮುಳುಗುವಷ್ಟು ಹರಿಯುತ್ತಿತ್ತು. ಅದನ್ನು ದಾಟಿ ಕಾಡು ಹೊಕ್ಕರು. ಬರ್ಚ್ ಮರಗಳಲ್ಲಿ ಚಿಗುರು ಒಡೆದಿತ್ತು. ಹಿಮ ಎಲ್ಲೂ ಉಳಿದಿರಲಿಲ್ಲ. ಒಂದನೆಯ ಗೂಟ, ಎರಡನೆಯದು, ಮೂರನೆಯದು; ಕೆಂಪು ಬಿಳಿ ಪಟ್ಟೆಯ ಕಬ್ಬಿಣದ ಕೊಳವೆಗಳು ಒಣ ಪಾಚಿಯ ನಡುವೆ ನಿಂತಿದ್ದವು. ಐದರ ಹತ್ತಿರ ಅವನು ಒಂದು ಸಲ ನಿಂತು ಉಸಿರು ತೆಗೆದುಕೊಂಡ. ಎಂಟನೆಯದರ ಹತ್ತಿರ ಬರುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಎದುರಿಗೆ ಬಂಡೆ. ಅದರಲ್ಲಿ ಕಾಲಿಡಲು ಅವನೇ ಮೂವತ್ತು ವರ್ಷದ ಹಿಂದೆ ಉಳಿಯಿಂದ ಕಡಿದ ಮೆಟ್ಟಿಲುಗಳಿದ್ದವು. ಅವುಗಳ ತುಂಬ ಹಸಿರು ಪಾಚಿ ಬೆಳೆದಿತ್ತು, ಯಾರ ಬೂಟೂ ಸೋಕದೆ, ಅಂಗೈ ಅಗಲ.

ಆಸ್ಲಾಕ್ ಕೋಲನ್ನು ಪಕ್ಕಕ್ಕಿಟ್ಟು ಬಲಗಾಲನ್ನು ಮೊದಲ ಮೆಟ್ಟಿಲಿಗಿಟ್ಟ. ಎಡಗಾಲನ್ನು ಎತ್ತಲು ನೋಡಿದ. ಅದು ಸೆಟೆದು ನಿಂತಿತು. ಎರಡೂ ಕೈಯಿಂದ ಪ್ಯಾಂಟನ್ನು ಹಿಡಿದು ಎಳೆದ, ಕಾಲು ಬಂಡೆಗೆ ಬಡಿದು ಕೆಳಗೆ ಜಾರಿತು, ಅವನೂ ಜಾರಿದ. ಎದ್ದು ಮತ್ತೊಮ್ಮೆ ಹೊರಟ. ಈ ಸಲ ಮೊಣಕೈ ಊರಿ, ಹೊಟ್ಟೆಯ ಮೇಲೆ ತೆವಳಿಕೊಂಡು ಒಂದಾಳೆತ್ತರ ಹೋದ. ಅಲ್ಲಿ ಸಿಕ್ಕಿಕೊಂಡ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೆನ್ನೆಯನ್ನು ಕಲ್ಲಿಗೊತ್ತಿ, ಹಲ್ಲು ಕಚ್ಚಿ, ಎಪ್ಪತ್ತೊಂದು ವರ್ಷದ ಮನುಷ್ಯ ಮಕ್ಕಳ ಹಾಗೆ ಮುಲುಗಿದ. ನಾಟಕ ಮಾಡುವವರು ಹಾಗೆ ಮುಲುಗುವುದಿಲ್ಲ.

ತೂರ್ಡಿಸ್ ಅವನ ಸೊಂಟದ ಬೆಲ್ಟು ಹಿಡಿದು ಕೆಳಗಿಳಿಸಿದಳು. ಅವನನ್ನು ಕಲ್ಲಿಗೆ ಒರಗಿಸಿ ಕೂರಿಸಿದಳು. ಆಮೇಲೆ ಬಾಗಿ, ಮೆಟ್ಟಿಲಿನ ಪಾಚಿಯನ್ನು ಬೆರಳಿನಿಂದ ಸವರಿದಳು, ಸ್ವಲ್ಪ ಹೊತ್ತು ಸವರುತ್ತಲೇ ಇದ್ದಳು. ಎದ್ದು ಬಂಡೆ ಹತ್ತಿ ಮೇಲೆ ಹೋದಳು.

ಅವನಿಗೆ ಮೊದಲು ಅವಳ ಹೆಜ್ಜೆಯ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ಇಲ್ಲ. ಒಂದು ಮರಕುಟಿಗ ಕುಟ್ಟಿತು, ಬಿಟ್ಟಿತು, ಮತ್ತೆ ಕುಟ್ಟಿತು. ಅವಳು ಮತ್ತೆ ಬಂಡೆಯ ತುದಿಯಲ್ಲಿ ಕಾಣಿಸಿಕೊಂಡಾಗ ಸೂರ್ಯ ಪೈನ್ ಮರಗಳಿಂದ ಮೇಲೆ ಬಂದಿದ್ದ. ಅಲ್ಲೇ ನಿಂತು ಕೇಳಿದಳು:

"ಮೇ ಒಂದನೇ ತಾರೀಕು ಅಳೆದಿದೀಯಾ?"

"ಹೂಂ."

"ಹತ್ತನೇದಕ್ಕೆ ಎಷ್ಟು ಬರ್ದೆ?"

"ಸೊನ್ನೆ." ಅವನ ದನಿ ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ, "ಸೊನ್ನೆ ಬರ್ದೆ."

"ಅಲ್ಲಿ ಗೂಟನೇ ಇಲ್ಲ," ಎಂದಳು ತೂರ್ಡಿಸ್. "ಬುಡದಲ್ಲಿ ಮುರ್ಕೊಂಡು ಹೋಗಿದೆ. ಬಂಡೆ ಮೇಲೆ ಅದರ ತೂತೊಂದಿದೆ. ಬರ್ಚ್ ಎಲ್ಲಾ ಕೆಳಗಡೆ ಮಲಗಿಬಿಟ್ಟಿದಾವೆ, ತೊಗಟೆ ಸುಲಿದು. ನಿಂತಿರೋ ಪೈನ್ ಮರದಲ್ಲೂ ನನ್ನ ತಲೆಗಿಂತ ಎತ್ತರದವರೆಗೂ ಸುಲಿದಿದೆ, ಹಿಮ ಅಷ್ಟೆತ್ತರ ನಿಂತಿತ್ತು."

ಅವನು ತಲೆ ತಗ್ಗಿಸಿದ. ಗಂಡ ಸತ್ತು ಇಪ್ಪತ್ತು ದಿನಕ್ಕೆ, ಅವಳು ತನ್ನ ತಲೆಯೇ ಕೆಟ್ಟಿತೆಂದು ಒದ್ದಾಡುತ್ತಿದ್ದಾಗ, ಅವನು ಇದೇ ಕಲ್ಲಿಗೆ ಒರಗಿ ಕೂತು ಇಲ್ಲದ ಗೂಟಕ್ಕೆ ಸೊನ್ನೆ ಬರೆದಿದ್ದ.

ಅವಳು ಇಳಿದು ಬಂದು ಅವನಿಂದ ನಾಲ್ಕು ಹೆಜ್ಜೆ ದೂರ ನಿಂತಳು. ಅಳುತ್ತಿದ್ದಳೋ ಇಲ್ಲವೋ, ಬಿಸಿಲು ಅವಳ ಹಿಂದಿನಿಂದ ಬೀಳುತ್ತಿದ್ದರಿಂದ ಅವನಿಗೆ ತಿಳಿಯಲಿಲ್ಲ. "ಎಡಗೈ ಗವಸು ಒದ್ದೆಯಾಗಿತ್ತು," ಎಂದಳು, ತನಗೇ ಹೇಳಿಕೊಳ್ಳುವಂತೆ. "ಅದು ಈ ವರ್ಷದ್ದೇ." ಅವಳು ಬೈದಿದ್ದರೆ, ಒಂದು ಕಲ್ಲು ತೆಗೆದು ಎಸೆದಿದ್ದರೆ, ಅವನು ಕೂತಲ್ಲಿಂದ ಅಲುಗುತ್ತಿರಲಿಲ್ಲ.

ಅವಳು ಕೋಲನ್ನು ಎತ್ತಿ ಅವನ ಬಲಗೈಗೆ ಕೊಟ್ಟಳು. "ಏಳು," ಎಂದಳು.

ಎಡತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಅವನನ್ನು ಇಳಿಸತೊಡಗಿದಳು. ಕಲ್ಲಿಗೊಂದು ಕಲ್ಲಿಗೊಂದು ಹೆಜ್ಜೆ. ಅವನು ತಡವರಿಸಿದಾಗ ನಿಲ್ಲುತ್ತಿದ್ದಳು, ಅವನ ಮುಖ ನೋಡುತ್ತಿರಲಿಲ್ಲ. ಕೆಳಗೆ ತೊರೆಯಲ್ಲಿ ತಾನು ಮೊದಲು ಇಳಿದು, ನೀರಿನಲ್ಲಿ ನಿಂತು, ಅವನ ಎರಡೂ ಕಾಲು ಆಚೆ ದಡದ ಮೇಲೆ ಬರುವವರೆಗೆ ಕೈ ಹಿಡಿದಿದ್ದಳು. ಬಂದ ಮೇಲೆ ಬಿಟ್ಟಳು. ಅಲ್ಲಿಂದ ಮುಂದೆ ದಾರಿ ಸಮತಟ್ಟು.